ಅಜ್ಜಿಗೆ ಫ್ರೀ, ಅಜ್ಜನಿಗೆ ಮುಕ್ಕಾಲು, ಉಡುಪಿ ಬಸ್ಸಲ್ಲಿ ಇಬ್ಬರಿಗೂ ಪೂರ್ತಿ

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಮಂಗಳೂರಿನ ಸರ್ಕಾರಿ ಬಸ್ಸಿಗೆ ವಯಸ್ಸಾದ ಗಂಡ-ಹೆಂಡತಿ ಹತ್ತಿದರು. ವೆನ್ಲಾಕ್ ಆಸ್ಪತ್ರೆಯ ಚೀಟಿ ಅಜ್ಜಿಯ ಕೈಯ ಪ್ಲಾಸ್ಟಿಕ್ ತೊಟ್ಟೆಯೊಳಗಿತ್ತು. ಇಬ್ಬರೂ ಆಧಾರ್ ತೋರಿಸಿದರು. ಅಜ್ಜಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಅಜ್ಜನಿಗೆ ಹಿರಿಯ ನಾಗರಿಕರ ಶೇ 25 ರಿಯಾಯಿತಿ. "ಫ್ರೀ ಅಜ್ಜಿಗೆ ಮಾತ್ರ ಅಜ್ಜಾ" ಎಂದು ಕಂಡಕ್ಟರ್ ಮೆತ್ತಗೆ ಹೇಳಿದ. ಅಜ್ಜ ಅಂಗಿಯ ಒಳಜೇಬಿನಿಂದ ಮಡಿಚಿದ ನೋಟು ತೆಗೆದರು.

ಇವರೇ ಮಂಗಳೂರಿನಿಂದ ಉಡುಪಿಗೆ ಹೊರಟಿದ್ದರೆ ಮೊದಲು ಸಿಗುತ್ತಿದ್ದದ್ದು ಹೆಚ್ಚಾಗಿ ಖಾಸಗಿ ಎಕ್ಸ್‌ಪ್ರೆಸ್. ಅಲ್ಲಿ ಶಕ್ತಿಯೂ ನಡೆಯುವುದಿಲ್ಲ, ಕೆಎಸ್‌ಆರ್‌ಟಿಸಿಯ ರಿಯಾಯಿತಿಯೂ ನಡೆಯುವುದಿಲ್ಲ. ಗಂಡು-ಹೆಣ್ಣು, ಬಡವ-ಬಲ್ಲಿದ, ಸರ್ಕಾರಿ-ಖಾಸಗಿ ಎನ್ನದೆ ಹಿರಿಯರಿಗೆಲ್ಲ ಬಸ್ಸು ಉಚಿತವಾಗಬೇಕು ಎನ್ನುವುದು ನನ್ನ ವಾದ.

ಇಲ್ಲಿ ಖಾಸಗಿ ಬಸ್ಸೇ ಹೆಚ್ಚಿರುವುದಕ್ಕೆ ಕಾರಣ ಹಳೆಯದು. 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅತ್ತ ಮೈಸೂರಿನಲ್ಲಿ 1948ರಲ್ಲೇ ಸರ್ಕಾರಿ ಸಾರಿಗೆ ಶುರುವಾಗಿತ್ತು. ಕೆಎಸ್‌ಆರ್‌ಟಿಸಿ ನಿಗಮವಾದದ್ದು 1961ರಲ್ಲಿ. ಅಷ್ಟು ಹೊತ್ತಿಗೆ ಇಲ್ಲಿ ಖಾಸಗಿಯವರು ಊರೂರಿಗೆ ಬಸ್ಸು ಬಿಟ್ಟು ಬೇರೂರಿದ್ದರು. ಅವರು ಇಲ್ಲದಿದ್ದರೆ ಎಷ್ಟೋ ಹಳ್ಳಿಗಳಿಗೆ ಬಸ್ಸೇ ಇರುತ್ತಿರಲಿಲ್ಲ, ಅದನ್ನು ಮರೆಯಬಾರದು. ಕೇಂದ್ರದ ನರ್ಮ್ ಯೋಜನೆಯ ಸರ್ಕಾರಿ ಸಿಟಿ ಬಸ್ಸುಗಳು ಬಂದ ಮೇಲೂ ಮಂಗಳೂರು ಸಿಟಿಯಲ್ಲಿ ಖಾಸಗಿ ಬಸ್ಸುಗಳದ್ದೇ ಮೇಲುಗೈ. ಹಾಗಾಗಿ 2023ರ ಜೂನ್ 11ರಂದು ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆಲ್ಲ ಐಷಾರಾಮಿ ಅಲ್ಲದ ಸರ್ಕಾರಿ ಬಸ್ಸು ಉಚಿತವಾದಾಗ ಕರಾವಳಿಯ ಅನೇಕರು ಎಂದಿನಂತೆ ಟಿಕೆಟ್ ಕೊಂಡೇ ಓಡಾಡಿದರು.

ದೊಡ್ಡ ಪಿಂಚಣಿ ಬರುವ ನಿವೃತ್ತ ಅಧಿಕಾರಿಗೂ ಯಾಕೆ ಫ್ರೀ, ಬಡವರಿಗೆ ಮಾತ್ರ ಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಬಡವ ಎಂದು ರುಜುವಾತು ಮಾಡುವ ಕೆಲಸ ಬೀಳುವುದು ಬಡವನ ಮೇಲೆಯೇ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಪಿಂಚಣಿಗೆ ಆದಾಯದ ಮಿತಿ ಇದೆ. ಆದಾಯ ಪತ್ರಕ್ಕೆ ನಾಡಕಚೇರಿ, ಅಲ್ಲಿಗೆ ಹೋಗಲು ಬಸ್ಸು, ಸರ್ವರ್ ಇಲ್ಲವೆಂದರೆ ನಾಳೆ ಮತ್ತೆ ಬಸ್ಸು. ತಿಂಗಳಿಗೆ 400 ರೂಪಾಯಿಯಿಂದ ಶುರುವಾದ ಈ ಪಿಂಚಣಿ 1,200ಕ್ಕೆ ಏರಿದೆ. ಬೀಡಿ ಕಟ್ಟಿದವರ, ಗೇರುಬೀಜ ಕಾರ್ಖಾನೆಯಲ್ಲಿ ದುಡಿದವರ ಪಿಎಫ್ ಪಿಂಚಣಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ 1,000. ತಿಂಗಳಿಗೆ ನಾಲ್ಕು ಸಲ ಆಸ್ಪತ್ರೆಗೆ ಬಂದರೆ ಅದರಲ್ಲಿ ಉಳಿಯುವುದೆಷ್ಟು? ವಯಸ್ಸಿಗಾದರೆ ಆಧಾರ್ ಒಂದು ಸಾಕು. ಅಧಿಕಾರಿ ಬಸ್ಸು ಹತ್ತಿದರೆ ಹತ್ತಲಿ, ಅದರಿಂದ ಯಾರಿಗೂ ನಷ್ಟವಿಲ್ಲ ಎನ್ನುವವನು ನಾನು.

ಚೆನ್ನೈಯಲ್ಲಿ 2016ರಿಂದ 60 ದಾಟಿದವರಿಗೆ ತಿಂಗಳಿಗೆ 10 ಉಚಿತ ಟೋಕನ್ ಕೊಡುತ್ತಾರೆ. ಅಲ್ಲಿಯ ಬಸ್ಸು ಸರ್ಕಾರದ್ದು, ನಮಗೆ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ನಮಗೆ ಹತ್ತಿರವಾದದ್ದು ಇಂಗ್ಲೆಂಡಿನ ವ್ಯವಸ್ಥೆ. ಲಂಡನ್ನಿನ ಹೊರಗೆ ಅಲ್ಲಿಯೂ ಬಸ್ಸು ಓಡಿಸುವವರು ಬಹುಪಾಲು ಖಾಸಗಿಯವರೇ. 2008ರಿಂದ ಹಿರಿಯರು ಬಡವ-ಬಲ್ಲಿದರೆನ್ನದೆ ಪಾಸ್ ತೋರಿಸಿ ದೇಶವಿಡೀ ಲೋಕಲ್ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಾರೆ, ಬಸ್ಸಿನವರಿಗೆ ಸ್ಥಳೀಯ ಆಡಳಿತ ಹಣ ತುಂಬಿಕೊಡುತ್ತದೆ. ಮುಖ್ಯವಾಗಿ, ಅದಕ್ಕೊಂದು ಕಾನೂನಿದೆ. ಕಾನೂನಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ರೈಲಿನಲ್ಲಿ ನೋಡಿದ್ದೇವೆ. ನಮ್ಮ ರೈಲಿನಲ್ಲಿ ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50 ಇದ್ದ ಹಿರಿಯರ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ಒಂದು ಆದೇಶದಿಂದ ನಿಲ್ಲಿಸಿದರು. ಕೊರೋನಾ ಹೋಯಿತು, ರಿಯಾಯಿತಿ ಮರಳಲಿಲ್ಲ.

ಹಂಪನಕಟ್ಟೆಯಲ್ಲಿ ಅಜ್ಜಿ ಮೊದಲು ಇಳಿದು ಅಜ್ಜನ ಕೈಹಿಡಿದರು. ಮುಂದಿನ ತಿಂಗಳು ಮತ್ತೆ ಬರಬೇಕಂತೆ. ಆಗ ಯಾವ ಬಸ್ಸು ಸಿಗುತ್ತದೋ ಅದರ ಮೇಲೆ ಅವರ ಖರ್ಚು.