ವೆಬ್‌ಅಸೆಂಬ್ಲಿ ಬಂದ ದಾರಿ, ಕನ್ನಡ ಪುಟಗಳ ಪಾಡು

ಮೈಸೂರಿನಲ್ಲಿ ಹೋಮ್‌ಸ್ಟೇ, ಸೀರೆ ಅಂಗಡಿ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಚಿಕ್ಕ ಆಫೀಸುಗಳು ಎಷ್ಟೋ ಇವೆ. ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಕಾಲೇಜುಗಳಿಂದ ಅಲ್ಲಿಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಒಂದು ಅನುಮಾನ ಇದ್ದೇ ಇರುತ್ತದೆ: ‘ವೆಬ್‌ಅಸೆಂಬ್ಲಿ ಬಂತಲ್ಲ, ಜಾವಾಸ್ಕ್ರಿಪ್ಟ್ ಕಥೆ ಮುಗೀತಾ?’ ಜಾವಾಸ್ಕ್ರಿಪ್ಟ್ ಅಂದರೆ ವೆಬ್ ಪುಟಗಳಿಗೆ ಜೀವ ಕೊಡುವ ಭಾಷೆ; ವೆಬ್‌ಅಸೆಂಬ್ಲಿ ಅಂದರೆ ಬೇರೆ ಭಾಷೆಗಳಲ್ಲಿ ಬರೆದ ಪ್ರೋಗ್ರಾಂಗಳನ್ನು ಬ್ರೌಸರ್‌ನಲ್ಲಿ ವೇಗವಾಗಿ ಓಡಿಸುವ ವಿಧಾನ. ಕಥೆ ಮುಗಿದಿಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1995ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಬರೆದರು. ಅದು ಪುಟದ ಸಣ್ಣಪುಟ್ಟ ಕೆಲಸಕ್ಕೆ ಹುಟ್ಟಿದ ಭಾಷೆ. ಭಾರಿ ಕೆಲಸಕ್ಕೆ ಜಾವಾ ಆಪ್ಲೆಟ್, ಆಕ್ಟಿವ್‌ಎಕ್ಸ್, ಫ್ಲ್ಯಾಶ್ ಬಂದವು. ಇವೆಲ್ಲ ಬ್ರೌಸರ್‌ಗೆ ಹೊರಗಿನಿಂದ ಸೇರಿಸಿದ ಪ್ಲಗಿನ್‌ಗಳು. ಭದ್ರತೆಯ ತೂತುಗಳು ಒಂದರ ಮೇಲೊಂದು ಬಯಲಾದವು. 2020ರ ಕೊನೆಗೆ ಅಡೋಬಿಯೇ ಫ್ಲ್ಯಾಶ್ ನಿಲ್ಲಿಸಿತು.

2008ರಲ್ಲಿ ಕ್ರೋಮ್ ತನ್ನ ವಿ8 ಎಂಜಿನ್ ಜೊತೆ ಬಂದ ಮೇಲೆ ಜಾವಾಸ್ಕ್ರಿಪ್ಟ್ ಓಟ ಜೋರಾಯಿತು. ಸಿ, ಸಿ++ ಭಾಷೆಗಳ ಕೋಡನ್ನೇ ಬ್ರೌಸರ್‌ನಲ್ಲಿ ಓಡಿಸಲು ಗೂಗಲ್ ನೇಟಿವ್ ಕ್ಲೈಂಟ್ ತಂದಿತು. ಬೇರೆ ಬ್ರೌಸರ್‌ಗಳು ಅದನ್ನು ಒಪ್ಪಲಿಲ್ಲ. ಮೊಜಿಲ್ಲಾದ ಅಲಾನ್ ಜಕಾಯ್ ಬೇರೆ ದಾರಿ ಹಿಡಿದರು. ಅವರ ಎಂಸ್ಕ್ರಿಪ್ಟನ್, ಸಿ++ ಕೋಡನ್ನು ಜಾವಾಸ್ಕ್ರಿಪ್ಟ್‌ಗೇ ತಿರುಗಿಸುತ್ತಿತ್ತು. 2013ರಲ್ಲಿ ಎಎಸ್‌ಎಂ.ಜೆಎಸ್ ಎಂಬ, ಜಾವಾಸ್ಕ್ರಿಪ್ಟ್‌ನದೇ ಒಂದು ಬಿಗಿ ರೂಪ ಬಂತು. ಪ್ಲಗಿನ್ ಇಲ್ಲದೆ ಆಟಗಳನ್ನು ಕಟ್ಟುವ ಅನ್‌ರಿಯಲ್ ಎಂಜಿನ್ 3 ಫೈರ್‌ಫಾಕ್ಸ್‌ನಲ್ಲಿ ಓಡಿತು. ಅದಾದ ಮೇಲೆ ಬ್ರೌಸರ್ ತಯಾರಕರು ಒಟ್ಟಾದರು. 2015ರಲ್ಲಿ ವೆಬ್‌ಅಸೆಂಬ್ಲಿ ಘೋಷಣೆ, 2017ರಲ್ಲಿ ನಾಲ್ಕೂ ದೊಡ್ಡ ಬ್ರೌಸರ್‌ಗಳಲ್ಲಿ ಬೆಂಬಲ, 2019ರ ಡಿಸೆಂಬರ್‌ನಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿಯ ಮಾನ್ಯತೆ.

ಇದು ನಡೆಯುವುದು ಹೀಗೆ: ಸಿ++ ಅಥವಾ ರಸ್ಟ್‌ನಲ್ಲಿ ಬರೆದದ್ದು ಮೊದಲೇ ಕಂಪೈಲ್ ಆಗಿ (ಯಂತ್ರ ಓದುವ ರೂಪಕ್ಕೆ ತಿರುಗಿ) ಚಿಕ್ಕ ಬೈನರಿ ಫೈಲ್ ಆಗುತ್ತದೆ. ಬ್ರೌಸರ್ ಅದನ್ನು ಪರೀಕ್ಷಿಸಿ, ಕಟ್ಟುನಿಟ್ಟಿನ ಆವರಣದೊಳಗೆ ಓಡಿಸುತ್ತದೆ. ಆದರೆ ಪುಟದ ಬಟನ್ನು, ಅಕ್ಷರಗಳನ್ನು ಅದು ನೇರವಾಗಿ ಮುಟ್ಟುವಂತಿಲ್ಲ. ಅದಕ್ಕೆ ಜಾವಾಸ್ಕ್ರಿಪ್ಟ್ ಬೇಕೇ ಬೇಕು.

ಲಾಭ ನಿಜವಾಗಿಯೂ ದೊಡ್ಡದು. ಆಟೋಕ್ಯಾಡ್, ಫಿಗ್ಮಾ, ಫೋಟೋಶಾಪ್ ಈಗ ಬ್ರೌಸರ್‌ನಲ್ಲೇ ನಡೆಯುತ್ತವೆ. ಪೈಥಾನನ್ನು ಬ್ರೌಸರ್‌ನಲ್ಲೇ ಓಡಿಸುವ ಪೈಯೊಡೈಡ್ ಇದ್ದರೆ ಏನೂ ಇನ್‌ಸ್ಟಾಲ್ ಮಾಡದೆ ಪೈಥಾನ್ ಕಲಿಯಬಹುದು. ಕಾಲೇಜು ಲ್ಯಾಬಿನ ಹಳೇ ಕಂಪ್ಯೂಟರ್‌ಗಳಿಗೆ ಇದು ಎಷ್ಟು ಅನುಕೂಲ! ಹೋಮ್‌ಸ್ಟೇ ಮಾಲೀಕರು ಹಾಕುವ ದೊಡ್ಡ ಫೋಟೋವನ್ನು ಅವರ ಫೋನಿನಲ್ಲೇ ಕುಗ್ಗಿಸಿ ಕಳಿಸಬಹುದು. ಬುಕಿಂಗ್ ಫಾರ್ಮ್‌ಗೆ ಮಾತ್ರ ಇದರ ಅಗತ್ಯವೇ ಇಲ್ಲ. ಬ್ರೌಸರ್‌ನ ‘ವ್ಯೂ ಸೋರ್ಸ್’ ಒತ್ತಿ ಪುಟದ ಕೋಡ್ ನೋಡಿ ಕಲಿಯುವ ಕಾಲ ಹೋಯಿತು ಎಂಬ ಕೊರಗೂ ಇದೆ. ವೆಬ್‌ಅಸೆಂಬ್ಲಿಗೆ ಓದಬಹುದಾದ ಪಠ್ಯ ರೂಪ ಇದೆ, ನಿಜ. ಕಲಿಯುವವರಿಗೆ ಅದರಿಂದ ಹೆಚ್ಚು ಸಹಾಯ ಆಗದು. ಆದರೆ ಹಿಂಡಿ ಕುಗ್ಗಿಸಿದ ಜಾವಾಸ್ಕ್ರಿಪ್ಟನ್ನೂ ಯಾರೂ ಸಲೀಸಾಗಿ ಓದಲಾರರು.

ನನಗೆ ಜಾಸ್ತಿ ಕಾಡುವುದು ಕನ್ನಡದ ಅಕ್ಷರಗಳ ವಿಷಯ. ವೆಬ್‌ಅಸೆಂಬ್ಲಿ ಬಳಸಿ ಪುಟವನ್ನೆಲ್ಲ ಕ್ಯಾನ್ವಾಸ್ (ಪುಟದಲ್ಲಿ ಚಿತ್ರ ಬಿಡಿಸುವ ಜಾಗ) ಮೇಲೆ ತಾವೇ ಬರೆಯುವ ಸಾಧನಗಳು ಬಂದಿವೆ. ಆ್ಯಪ್ ಕಟ್ಟುವ ಗೂಗಲ್ ಸಾಧನ ಫ್ಲಟರ್‌ನ ಕ್ಯಾನ್ವಾಸ್‌ಕಿಟ್ ಅಂಥದ್ದು. ಅದನ್ನು ಬಳಸಿದರೆ ಸುಮಾರು 1.5 ಎಂಬಿ ಹೆಚ್ಚು ಡೌನ್‌ಲೋಡ್ ಆಗುತ್ತದೆ. ಕನ್ನಡದ ಫಾಂಟ್ ಬೇರೆ ತರಿಸಬೇಕು. ಸಾಮಾನ್ಯ ಪುಟದಲ್ಲಿ ‘ಮಂಡ್ಯ’ದ ಒತ್ತು, ‘ರಾಷ್ಟ್ರ’ದ ಒತ್ತುಗಳನ್ನು ಜೋಡಿಸುವುದು ಬ್ರೌಸರ್‌ನ ಕೆಲಸ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶ ಅದನ್ನು ಮಾಡುತ್ತದೆ. ಕ್ಯಾನ್ವಾಸ್‌ಕಿಟ್‌ನಂಥವು ಆ ಹೊರೆಯನ್ನು ತಾವೇ ಹೊರಬೇಕು. ಕಣ್ಣಿಗೆ ಸರಿಯಾಗಿ ಕಂಡರೂ ಅದು ಬರೀ ಚಿತ್ರ. ಪುಟದೊಳಗೆ ಹುಡುಕಿದರೆ ಸಿಗದು. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಓದಬೇಕಾದರೆ ಬೇರೆ ಏರ್ಪಾಟು ಬೇಕು.

ಈ ಪಾಡು ನಾವು ಒಮ್ಮೆ ಪಟ್ಟಿದ್ದೇವೆ, ಅಲ್ವಾ? ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ಎಷ್ಟೋ ವರ್ಷ ಕನ್ನಡ ತಾಣಗಳು ತಮ್ಮತಮ್ಮ ಫಾಂಟುಗಳಲ್ಲಿ ನಡೆದವು. ಫಾಂಟ್ ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಆ ಕಾಲದ ಎಷ್ಟೋ ಬರಹ ಇವತ್ತಿಗೂ ಯೂನಿಕೋಡ್‌ಗೆ ಬದಲಾಗಿಲ್ಲ.

ಹಾಗಾಗಿ ಲೆಕ್ಕ, ಫೋಟೋ, ವಿಡಿಯೋ ಕೆಲಸವನ್ನು ವೆಬ್‌ಅಸೆಂಬ್ಲಿಗೆ ಬಿಡಿ; ಅಕ್ಷರಗಳನ್ನು ಎಚ್‌ಟಿಎಂಎಲ್‌ನಲ್ಲೇ ಇಡಿ. ಸೈಟ್ ಕೊಡುವ ಮುಂಚೆ ಕಡಿಮೆ ಬೆಲೆಯ ಫೋನಿನಲ್ಲಿ ತೆರೆದು, ಒಂದು ಕನ್ನಡ ಪದ ಹುಡುಕಿ, ಒಂದು ಸಾಲು ಕಾಪಿ ಮಾಡಿ ನೋಡಿ. ಅದು ಆಗದಿದ್ದರೆ ಆ ಸೈಟನ್ನು ಗ್ರಾಹಕರ ಕೈಗೆ ಕೊಡಬೇಡಿ.