ಲೆಗ್ ಪೀಸ್ ಅಂದರೆ ಯಾವುದು?

ಯಶವಂತಪುರದ ನಮ್ಮ ಕೋಳಿ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆ ನಾನು ಹೆಚ್ಚಾಗಿ ಕೇಳುವ ಮಾತು, "ಅಣ್ಣ, ಲೆಗ್ ಪೀಸ್ ಜಾಸ್ತಿ ಹಾಕಿ." "ಬರೀ ಕಾಲಾ, ತೊಡೆನೂ ಬೇಕಾ?" ಅಂತ ನಾನು ತಿರುಗಿ ಕೇಳುತ್ತೇನೆ. ಎಷ್ಟೋ ಜನ ಅಲ್ಲಿಗೇ ಯೋಚನೆಗೆ ಬೀಳುತ್ತಾರೆ.

ಲೆಗ್ ಪೀಸ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಪೀಸ್ ಇವೆ. ಮಂಡಿಯಿಂದ ಕೆಳಗಿನದು ಡ್ರಮ್‌ಸ್ಟಿಕ್. ಹೋಟೆಲಿನವರು ಅದನ್ನೇ ತಂಗ್ಡಿ ಅನ್ನುತ್ತಾರೆ. ಮಂಡಿಯಿಂದ ಮೇಲಿನದು ತೊಡೆ. ಎರಡೂ ಕೂಡಿದ್ದರೆ ಫುಲ್ ಲೆಗ್. ಮಕ್ಕಳಿಗೆ ಡ್ರಮ್‌ಸ್ಟಿಕ್ಕೇ ಬೇಕು, ಕೈಯಲ್ಲಿ ಹಿಡಿದು ಕಚ್ಚಬಹುದಲ್ವಾ. ರುಚಿಗಾದರೆ ನನ್ನ ಮತ ತೊಡೆಗೆ. ಅದರಲ್ಲಿ ಮೂಳೆ ಒಂದೇ, ಮಾಂಸ ಜಾಸ್ತಿ, ಸಾರಿನಲ್ಲಿ ಎಷ್ಟು ಹೊತ್ತು ಕುದ್ದರೂ ಮೆತ್ತಗೇ ಇರುತ್ತದೆ.

ಇದಕ್ಕೆ ಕಾರಣ ಇದೆ. ಕೋಳಿ ದಿನವಿಡೀ ಕಾಲಿನ ಮೇಲೇ ಇರುತ್ತದೆ. ದುಡಿಯುವ ಮಾಂಸಕ್ಕೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಜಾಸ್ತಿ ಬೇಕು, ಅದಕ್ಕೇ ಕಾಲಿನ ಬಣ್ಣ ಕೆಂಪು. ಕೊಬ್ಬೂ ಅಲ್ಲೇ ಹೆಚ್ಚು. ಹಾರದ ಹಕ್ಕಿಯ ಎದೆಗೆ ಅಷ್ಟು ಕೆಲಸ ಇಲ್ಲ, ಅದು ಬೆಳ್ಳಗೆ. ಸ್ವಲ್ಪ ಹೆಚ್ಚು ಬೆಂದರೂ ನಾರುನಾರು. ಸುಮ್ನೆ "ಬೋನ್‌ಲೆಸ್" ಅಂದರೆ ಸಾಮಾನ್ಯವಾಗಿ ಈ ಎದೆ ಭಾಗವೇ ಸಿಗುತ್ತದೆ. ಕಬಾಬ್ ಒಣಗಬಾರದು ಅಂದರೆ "ತೊಡೆ ಬೋನ್‌ಲೆಸ್" ಅಂತ ಬಿಡಿಸಿ ಹೇಳಿ.

ಲಾಲಿಪಾಪ್ ಕೂಡ ಕಾಲು ಅಂದುಕೊಂಡವರು ತುಂಬಾ ಜನ. ಅದು ರೆಕ್ಕೆ. ಭುಜಕ್ಕೆ ಅಂಟಿದ ತುಂಡಿನ ಮಾಂಸವನ್ನು ಮೂಳೆಯ ಒಂದು ತುದಿಗೆ ಕೆರೆದು ಗುಂಡಗೆ ಮಾಡುವುದು.

ನಾನು ಇಷ್ಟು ಬರೆಯಲು ಕೂತದ್ದು ಮಾತ್ರ ಹೆಸರೇ ಇಲ್ಲದ ಒಂದು ಪೀಸಿಗಾಗಿ. ಕೋಳಿಯ ಬೆನ್ನಿನಲ್ಲಿ, ತೊಡೆ ಸೇರುವ ಜಾಗದ ಹತ್ತಿರ, ಮೂಳೆಯಲ್ಲಿ ಎರಡು ಗುಳಿ ಇವೆ. ಒಂದೊಂದರಲ್ಲೂ ಹೆಬ್ಬೆರಳಿನ ತುದಿಯಷ್ಟು ಮಾಂಸ. ಇಡೀ ಕೋಳಿಯಲ್ಲಿ ಇಷ್ಟು ಮೃದುವಾದದ್ದು, ರಸ ತುಂಬಿದ್ದು ನನಗೆ ಬೇರೆ ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಆಯ್‌ಸ್ಟರ್ ಅನ್ನುತ್ತಾರೆ. ಫ್ರೆಂಚರು ಇಟ್ಟ ಹೆಸರಿಗೆ 'ದಡ್ಡ ಅಲ್ಲೇ ಬಿಟ್ಟು ಹೋಗುತ್ತಾನೆ' ಎಂದು ಅರ್ಥ. ನಮ್ಮ ಕಡೆ ಅದಕ್ಕೊಂದು ಹೆಸರು ಹೇಳಿ ಕೇಳಿದವರನ್ನು ನಾನು ಕಂಡಿಲ್ಲ. ಹೆಸರಿಲ್ಲದ್ದನ್ನು ಗಿರಾಕಿ ಹೇಗೆ ಕೇಳುತ್ತಾರೆ? ಕರಿ ಕಟ್ ಮಾಡುವಾಗ ಕತ್ತಿ ಸೀದಾ ಅದರ ಮೇಲೇ ಬೀಳುತ್ತದೆ, ಬೆನ್ನಿನ ಮೂಳೆಚೂರುಗಳ ಜೊತೆ ಹೋಗಿಬಿಡುತ್ತದೆ. ನನಗೆ ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಫುಲ್ ಲೆಗ್ ತಗೊಳ್ಳುವಾಗ "ಬೆನ್ನಿನ ಗುಳಿಯ ಮಾಂಸ ತೊಡೆಗೇ ಅಂಟಿಕೊಂಡು ಬರಲಿ" ಅನ್ನಿ. ಕೀಲು ಬಿಡಿಸುವ ಮೊದಲು ಚಾಕುವಿನ ತುದಿಯನ್ನು ಆ ಗುಳಿಯಲ್ಲಿ ಒಂದು ಸುತ್ತು ಆಡಿಸಿದರೆ ಸಾಕು, ಎದ್ದು ಬರುತ್ತದೆ. ವರ್ಷತೊಡಕಿನ ದಿನ, ಸಾಲು ರಸ್ತೆವರೆಗೆ ನಿಂತಿರುವಾಗ, ಯಾವ ಅಂಗಡಿಯವರಿಗೂ ಇದಕ್ಕೆ ಪುರುಸೊತ್ತು ಇರುವುದಿಲ್ಲ. ವಾರದ ಮಧ್ಯೆ ಬಂದು ಕೇಳಿ, ಬಿಡಿಸಿ ಕೊಡುತ್ತೇವೆ.