ರಕ್ತ ಹೆಪ್ಪುಗಟ್ಟುವುದು ವಯಸ್ಸಾದವರಿಗೆ ಮಾತ್ರ ಅಲ್ವಾ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಎಡಗಾಲು ಊದಿತ್ತು. ಆಟದಲ್ಲಿ ಉಳುಕಿರಬೇಕು ಅಂದುಕೊಂಡೆವು. ಸ್ಕ್ಯಾನ್ ಮಾಡಿದ ಡಾಕ್ಟರು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಈ ವಯಸ್ಸಿಗೂ ಹೀಗಾಗುತ್ತದೆಯೇ?

ಉತ್ತರ: ಆಗುತ್ತದೆ, ಆದರೆ ಅಪರೂಪ. ಮಕ್ಕಳಲ್ಲಿ ಇದು ಸುಮ್ನೆ ಬರುವುದು ಇನ್ನೂ ಕಡಿಮೆ. ಹುಡುಕಿದರೆ ಹೆಚ್ಚಿನವರಲ್ಲಿ ಏನಾದರೊಂದು ಕಾರಣ ಸಿಗುತ್ತದೆ.

ಎರಡು ವಯಸ್ಸಿನಲ್ಲಿ ಇದು ಜಾಸ್ತಿ: ಒಂದು ವರ್ಷದೊಳಗೆ, ಮತ್ತೆ ಹದಿಹರೆಯದಲ್ಲಿ. ಪುಟ್ಟ ಕೂಸುಗಳಲ್ಲಿ ಮುಖ್ಯ ಕಾರಣ ಔಷಧಿ ಕೊಡಲು ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್. ಜೀವ ಉಳಿಸುವ ಕೊಳವೆಯೇ ರಕ್ತ ಗಟ್ಟಿಯಾಗಲು ಜಾಗ ಮಾಡಿಕೊಡುತ್ತದೆ. ಹದಿಹರೆಯದವರಲ್ಲಿ ಆಪರೇಷನ್, ಪ್ಲಾಸ್ಟರ್ ಹಾಕಿ ಮಲಗಿದ್ದು, ಬೊಜ್ಜು, ಮೂಳೆಯ ಸೋಂಕು, ಕ್ಯಾನ್ಸರ್, ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ಕಾಯಿಲೆ, ಹೀಗೆ ಹಲವು. ಮುಟ್ಟು ಸರಿಹೋಗಲೆಂದು ಕೊಡುವ ಈಸ್ಟ್ರೋಜನ್ ಇರುವ ಹಾರ್ಮೋನ್ ಮಾತ್ರೆಯೂ ಕಾರಣವಾಗಬಹುದು. ಅದನ್ನು ಔಷಧಿ ಅಂತ ಎಣಿಸದೆ ಡಾಕ್ಟರಿಗೆ ಹೇಳದವರೂ ಇದ್ದಾರೆ. ನೀವು ಮರೆಯದೆ ಹೇಳಿ. ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕ ವಯಸ್ಸಲ್ಲೇ ಹೀಗಾಗಿದ್ದರೆ ಅದನ್ನೂ ಹೇಳಿ. ಫ್ಯಾಕ್ಟರ್ 5 ಲೈಡನ್, ಪ್ರೋಟೀನ್ ಸಿ ಕೊರತೆಯಂಥ, ರಕ್ತ ಸುಲಭವಾಗಿ ಹೆಪ್ಪುಗಟ್ಟುವಂತೆ ಮಾಡುವ ದೋಷಗಳು ವಂಶದಲ್ಲಿ ಹರಿದು ಬರುತ್ತವೆ.

ಉಳುಕಿದ್ದು ಅಂದುಕೊಂಡಿದ್ದು ನಿಮ್ಮ ತಪ್ಪಲ್ಲ, ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಪೆಟ್ಟು ಬಿದ್ದ ನೆನಪೇ ಇಲ್ಲದೆ ಒಂದೇ ಕಾಲು ಅಥವಾ ಒಂದೇ ಕೈ ಊದಿ, ನೋವಾಗಿ, ಬಣ್ಣ ಬದಲಾದರೆ ತಿಕ್ಕುತ್ತಾ ಕೂರಬೇಡಿ, ಅವತ್ತೇ ತೋರಿಸಿ. ಹೆಪ್ಪುಗಟ್ಟಿದ ರಕ್ತದ ಗಡ್ಡೆ ತುಂಡಾಗಿ ಶ್ವಾಸಕೋಶಕ್ಕೆ ಹೋಗಬಹುದು. ದಿಢೀರ್ ಉಸಿರಾಟದ ತೊಂದರೆ, ಎದೆನೋವು, ಕೆಮ್ಮಿದಾಗ ರಕ್ತ ಕಂಡರೆ ನೇರ ತುರ್ತು ಚಿಕಿತ್ಸೆಗೆ ಓಡಿ.

ಹೆಪಾರಿನ್ ಇಂಜೆಕ್ಷನ್ ಅಥವಾ ರಿವರೋಕ್ಸಬಾನ್‌ನಂಥ ಔಷಧಿ ಕೊಡುತ್ತಾರೆ. 'ರಕ್ತ ತೆಳು ಮಾಡುವ ಔಷಧಿ' ಅನ್ನುತ್ತೇವೆ, ಆದರೆ ಅದು ರಕ್ತವನ್ನು ತೆಳು ಮಾಡುವುದೂ ಇಲ್ಲ, ಗಡ್ಡೆಯನ್ನು ಕರಗಿಸುವುದೂ ಇಲ್ಲ. ಗಡ್ಡೆ ಬೆಳೆಯದಂತೆ ತಡೆಯುತ್ತದೆ, ಕರಗಿಸುವ ಕೆಲಸ ಮೈಯದ್ದೇ. ಕಾರಣ ತಿಳಿದು ಅದು ದೂರವಾಗಿದ್ದರೆ ಸಾಮಾನ್ಯವಾಗಿ 3 ತಿಂಗಳು ಸಾಕು, ಕೆಲವರಿಗೆ 6 ವಾರವೂ ಸಾಕಾಗುತ್ತದೆ. ಊತ ಇಳಿಯಿತು ಅಂತ ನೀವೇ ನಿಲ್ಲಿಸಬೇಡಿ. ಔಷಧಿ ನಡೆಯುವಾಗ ರಕ್ತಸ್ರಾವದ ಭಯ ಇರುವುದರಿಂದ ಅದು ಮುಗಿಯುವವರೆಗೆ ಮೈಗೆ ಮೈ ತಾಗುವ ಆಟ ಬೇಡ. ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಕೊಡಬೇಡಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಡಾಕ್ಟರಿಗೆ ತಿಳಿಸಿ.

ಕೆಲವು ಮಕ್ಕಳಿಗೆ ಆಮೇಲೂ ಸಂಜೆ ಹೊತ್ತಿಗೆ ಕಾಲು ಭಾರವೆನಿಸಿ ಊದುತ್ತದೆ. ನಾಳದ ಕವಾಟಗಳು ಹಾಳಾಗಿರುವುದು ಇದಕ್ಕೆ ಕಾರಣ. ಮುಂದೆ ಎಂದಾದರೂ ಆಪರೇಷನ್ ಆಗುವುದಿದ್ದರೆ ಈ ಹಳೆಯ ಕಥೆಯನ್ನು ಮೊದಲೇ ಹೇಳಿಬಿಡಿ.